ಹಳೆ ಟೇಪಿನ ಬಸ್ಸು

ಸೆಪ್ಟೆಂಬರ್ ೯, ಸೋಮವಾರ

ಟೇಪು ಕೋಣೆ ಖಾಲಿ ಮಾಡುವ ಕೆಲಸ ಕೊನೆಗೂ ನನ್ನ ಕುತ್ತಿಗೆಗೇ ಬಿತ್ತು. ನಮ್ಮ ಮೇಲಧಿಕಾರಿ, ಅಂದರೆ ಬೆನ್ನ ಹಿಂದೆ ಎಲ್ಲರೂ ಗಡುವಯ್ಯ ಎಂದು ಕರೆಯುವ ಮಹಾನುಭಾವ, ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು, "ಡಿಸೆಂಬರ್ ಮೊದಲ ವಾರ. ಆಮೇಲೆ ಆ ಕೋಣೆ ಬೇರೆಯವರಿಗೆ ಕೊಟ್ಟಾಗಿದೆ" ಅಂದ. ಕೊಟ್ಟಾಗಿದೆಯಂತೆ! ಬಾಡಿಗೆದಾರ ಒಳಗೆ ಇರುವಾಗಲೇ ಬೀಗ ಬದಲಿಸಿದ ಹಾಗೆ.

ನಮ್ಮದು ಶಾಲೆಗಳಿಗೆ ಹಾಜರಿಯ, ಬಸ್ಸಿನ ಲೆಕ್ಕ ಇಟ್ಟುಕೊಡುವ ಕಂಪನಿ. ಮಗು ಬಸ್ಸು ಹತ್ತುವಾಗ ಕತ್ತಿನ ಕಾರ್ಡನ್ನು ಬಾಗಿಲಿನ ಯಂತ್ರಕ್ಕೆ ತಾಗಿಸಿದರೆ ಮನೆಯವರ ಫೋನಿಗೆ ಒಂದು ಮೆಸೇಜು, ಇಳಿದರೆ ಇನ್ನೊಂದು. ನಲವತ್ತು ಸಾವಿರ ಮಕ್ಕಳು ಹತ್ತಿದ್ದು, ಇಳಿದದ್ದು ಎಲ್ಲ ಡೇಟಾಬೇಸಿನಲ್ಲಿ ಕೂಡುತ್ತ ಹೋಗುತ್ತದೆ, ಅದರ ನಕಲು ಟೇಪಿಗೆ ಹೋಗುತ್ತದೆ. ಆ ನಕಲುಗಳ ಕಾವಲುಗಾರ ನಾನು. ನನ್ನಾಕೆ ಯಾರಿಗಾದರೂ ನನ್ನ ಕೆಲಸ ವಿವರಿಸುವಾಗ, "ಏನಾದ್ರೂ ಕಳೆದುಹೋದ್ರೆ ಇರ್ಲಿ ಅಂತ ಎಲ್ಲಾನೂ ಇನ್ನೊಂದು ಸಲ ಇಟ್ಕೊಂಡಿರ್ತಾರೆ" ಅನ್ನುತ್ತಾಳೆ. ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬಂದಿಲ್ಲ.

ಹೊಸ ಏರ್ಪಾಡು ಹೀಗಿದೆ. ಇತ್ತೀಚಿನದು ಡಿಸ್ಕಿನಲ್ಲಿ, ವರ್ಷಕ್ಕೊಂದು ಪೂರ್ತಿ ಪ್ರತಿ ಹೊಸ ದೊಡ್ಡ ಟೇಪಿನಲ್ಲಿ, ಮಿಕ್ಕದ್ದೆಲ್ಲ ಚೂರು ಮಾಡುವ ಯಂತ್ರದ ಬಾಯಿಗೆ. ಬೇಡದ್ದನ್ನು ಎಸೆಯುವುದರಲ್ಲಿ ನನಗೆ ಮೊದಲಿನಿಂದಲೂ ಸುಖವಿದೆ. ಮನೆಯಲ್ಲಿ ಇದೇ ಕಾರಣಕ್ಕೆ ಜಗಳವೂ ಆಗಿದೆ.

ಸೆಪ್ಟೆಂಬರ್ ೧೨, ಗುರುವಾರ

ನಕಲು ಮಾಡಿದರೆ ಸಾಲದು, ನಕಲಿಗೆ ಜೀವ ಇದೆಯೇ ನೋಡಬೇಕು. ಟೇಪಿನಲ್ಲಿದ್ದದ್ದು ಎದ್ದು ಕೂತು ನಡೆದಾಡಿದರೆ ಬ್ಯಾಕಪ್ಪು, ಇಲ್ಲದಿದ್ದರೆ ಪೇಪರ್‌ವೇಟು. ಮೂರು ವರ್ಷದ ಹಿಂದಿನ ಒಂದು ಟೇಪು ಆರಿಸಿ, ಟೇಪು ಕೋಣೆಯ ಮೂಲೆಯಲ್ಲಿದ್ದ ಹಳೆ ಸರ್ವರಿನ ಮೇಲೆ ಎಬ್ಬಿಸಿದೆ. ವಾರದ ದಿನಗಳು ಹೊಂದುವಂತೆ ಅದರ ಗಡಿಯಾರವನ್ನೂ ಅಷ್ಟೇ ಹಿಂದಕ್ಕೆ ತಿರುಗಿಸಿದೆ. ಆ ಟೇಪಿನ ನಂತರದ ದಿನಗಳ ಲಾಗುಗಳಿವೆ. ಯಾವ ಕಾರ್ಡು ಯಾವ ನಿಮಿಷಕ್ಕೆ ತಾಗಿತು ಎಂಬ ಲೆಕ್ಕ. ಅದನ್ನು ದಿನಕ್ಕೊಂದು ದಿನದಂತೆ, ಅಂದು ನಡೆದ ವೇಗದಲ್ಲೇ ಉಣಿಸುತ್ತ ಹೋಗಬೇಕು. ಆ ಸರ್ವರಿಗೆ ಜೋಡಿಸಿದ ಹೊಸ ಡಿಸ್ಕುಗಳು ಒಂದು ಇಡೀ ಅವಧಿಯ ಹೊರೆ ತಾಳುವುದನ್ನು ಗಡುವಯ್ಯ ಕಣ್ಣಾರೆ ನೋಡಬೇಕಂತೆ.

ಹೀಗೆ ಎಬ್ಬಿಸುವ ಮೊದಲು ಪ್ರತಿಯ ಬಾಯಿ ಕಟ್ಟಬೇಕು. ಇದು ನಮ್ಮ ಕೆಲಸದವರ ಮಾತು. ಪ್ರತಿಗೆ ತಾನು ಪ್ರತಿ ಎಂದು ಗೊತ್ತಿರುವುದಿಲ್ಲ. ತನ್ನ ದಿನವೇ ಇವತ್ತು ಎಂದುಕೊಂಡು ಎಲ್ಲರ ಮನೆಗೂ ಮೆಸೇಜು ಕಳಿಸಲು ಹೊರಡುತ್ತದೆ. ಮೆಸೇಜಿನ ದಾರಿಯನ್ನೇ ಮುಚ್ಚುವ ಹಾಗಿಲ್ಲ, ಹೊರೆ ಅಳೆಯಲು ಅದೂ ಓಡುತ್ತಿರಬೇಕು. ಆದ್ದರಿಂದ ಫೋನ್ ಸಂಖ್ಯೆಗಳ ಜಾಗದಲ್ಲೆಲ್ಲ ಸೊನ್ನೆ ತುಂಬಿ ಮನೆಗೆ ಬಂದೆ.

ಸೆಪ್ಟೆಂಬರ್ ೧೭, ಮಂಗಳವಾರ

ಎಡವಟ್ಟಾಗಿದೆ. ದೂರು ಕೇಳುವ ಫೋನಿನಾಕೆ ಬೆಳಿಗ್ಗೆಯೇ ನನ್ನ ಮೇಜಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಏನ್ ಸಾರ್ ಇದು? ಒಬ್ರ ಮಗ ಕಾಲೇಜಿಗೆ ಹೋಗ್ತಿದಾನೆ. ಅವನು ಸ್ಕೂಲ್ ಬಸ್ ಹತ್ತಿದ ಅಂತ ದಿನಾ ಮೆಸೇಜ್ ಬರ್ತಿದೆಯಂತೆ. ಇನ್ನೊಬ್ರು ಊರೇ ಬಿಟ್ಟು ಹೋಗಿದಾರೆ. ಬೈತಿದಾರೆ ನನ್ನ."

ಬಾಯಿ ಪೂರ್ತಿ ಕಟ್ಟಿರಲಿಲ್ಲ. ಕೆಲವು ಪೋಷಕರು ಕೇಳಿಕೊಂಡು ಎರಡನೆಯ ಸಂಖ್ಯೆಯೊಂದನ್ನು ಷರಾ ಜಾಗದಲ್ಲಿ ಬರೆಸಿದ್ದರು. ಅಲ್ಲಿಗೆ ನನ್ನ ಸೊನ್ನೆ ತಲುಪಿಲ್ಲ. ಇಷ್ಟು ವರ್ಷ ಮಾಡಿಯೂ ಇಂಥ ಎಳಸು ತಪ್ಪು! ಹುಡುಕಿದಾಗ ಅಂಥ ಏಳು ಸಂಖ್ಯೆ ಸಿಕ್ಕವು. ದೂರು ಬಂದದ್ದು ಆರರಿಂದ ಮಾತ್ರ. ಆರನ್ನು ಅಳಿಸಿದೆ. ಏಳನೆಯವರು ಇಷ್ಟು ದಿನ ಯಾಕೆ ಸುಮ್ಮನಿದ್ದಾರೆ ಎಂದು ಕುತೂಹಲವಾಗಿ ಹಾಗೇ ಬಿಟ್ಟಿದ್ದೇನೆ.

ಸೆಪ್ಟೆಂಬರ್ ೧೮, ಬುಧವಾರ

ಕ್ಷಮೆ ಕೇಳೋಣವೆಂದು ಏಳನೆಯ ಸಂಖ್ಯೆಗೆ ನಾನೇ ಫೋನ್ ಮಾಡಿದೆ. ಹೆಂಗಸಿನ ದನಿ. ತಪ್ಪಾಗಿ ಹಳೆಯ ಮೆಸೇಜು ಬರುತ್ತಿದೆ, ಈಗಲೇ ನಿಲ್ಲಿಸುತ್ತೇನೆ ಅಂದೆ. "ನೀವೇನಾ ಕಳಿಸ್ತಿರೋದು?" ಅಂದರು.

"ನಾನಲ್ಲ ಮೇಡಂ, ಮಷೀನು."

"ನಿಲ್ಲಿಸ್ಬೇಡಿ. ದಯವಿಟ್ಟು ನಿಲ್ಲಿಸ್ಬೇಡಿ. ನಾನೇ ಬಂದು ಮಾತಾಡ್ತೀನಿ."

ದಾಖಲೆ ತೆಗೆದು ನೋಡಿದೆ. ನಾಲ್ಕನೇ ತರಗತಿಯ ಹುಡುಗಿ. ಈಗಿನ ಡೇಟಾಬೇಸಿನಲ್ಲಿ ಆ ಸಂಖ್ಯೆಗೆ ಮಗುವೇ ಇಲ್ಲ.

ಸೆಪ್ಟೆಂಬರ್ ೨೦, ಶುಕ್ರವಾರ

ಬಂದಿದ್ದರು. ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸವಂತೆ. ಡ್ಯೂಟಿಯ ಸೀರೆಯಲ್ಲೇ ಬಂದು, ಸ್ವಾಗತದ ಕೋಣೆಯ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅಳುತ್ತಾರೆಂದು ಹೆದರಿದ್ದೆ. ಅಳಲಿಲ್ಲ, ಅದೇ ಕಷ್ಟವಾಯಿತು.

"ಒಂದು ಮಂಗಳವಾರ ಜ್ವರ ಬಂತು. ಆ ವಾರ ಮುಗಿಯೋದ್ರೊಳಗೆ ಹೋಗ್ಬಿಟ್ಲು" ಅಂದರು. "ಆಮೇಲೂ ನಿಮ್ಮ ಮೆಸೇಜು ಬರ್ತಾನೇ ಇತ್ತು. 'ನಿಮ್ಮ ಮಗು ಇಂದು ಗೈರುಹಾಜರಾಗಿದೆ.' ದಿನಾ ಬೆಳಿಗ್ಗೆ. ಸ್ಕೂಲಿನೋರಿಗೆ ಹೇಳೋಷ್ಟು ತ್ರಾಣ ನಮಗಿರ್ಲಿಲ್ಲ, ಅವರಾಗಿ ನಿಲ್ಲಿಸೋಕೆ ತಿಂಗಳಾಯ್ತು. ನನ್ನ ಫೋನಿನಲ್ಲಿ ಅವಳ ಬಗ್ಗೆ ಉಳಿದಿರೋ ಕೊನೇ ಮಾತು ಅದೇ ಸಾರ್. ಗೈರುಹಾಜರು."

ಈಗ ಮೂರು ವರ್ಷದ ಮೇಲೆ, ಕೌಂಟರಿನಲ್ಲಿ ಕೂತಿದ್ದಾಗ, ನಿಮ್ಮ ಮಗು ಬಸ್ಸು ಹತ್ತಿದೆ ಎಂದು ಬಂತಂತೆ. ಸಂಜೆ ಇಳಿದಿದೆ ಎಂದು. ಮರುದಿನವೂ. ಯಾರಿಗೂ ಹೇಳಿಲ್ಲವಂತೆ, ಹೇಳಿದರೆ ನಿಂತುಹೋಗುತ್ತದೆಂದು.

ಇದು ಬರೀ ಪರೀಕ್ಷೆ, ಆ ವರ್ಷದ ದಿನಗಳು ಒಂದೊಂದಾಗಿ ಮತ್ತೆ ಓಡುತ್ತಿವೆ ಅಷ್ಟೇ, ಆ ಮಂಗಳವಾರವೂ ನವೆಂಬರಿನಲ್ಲಿ ಬಂದೇ ಬರುತ್ತದೆ ಎಂದು ವಿವರಿಸಿದೆ. "ಗೊತ್ತು" ಅಂದರು. "ಅಲ್ಲಿವರೆಗೆ ಬರ್ಲಿ. ಅದರ ಹಿಂದಿನ ದಿನ ನಿಲ್ಲಿಸ್ಬಿಡಿ. ಮನೆ ಹತ್ರ ಇಳಿದ್ಲು ಅನ್ನೋದೇ ಕೊನೇದಾಗ್ಲಿ. ಅಷ್ಟು ಮಾಡ್ಕೊಡ್ತೀರಾ?"

ಮಾತು ಕೊಟ್ಟೆ. ನಿಯಮದ ಪ್ರಕಾರ ಕೊಡಬಾರದಿತ್ತು.

ಅಕ್ಟೋಬರ್ ೩, ಗುರುವಾರ

ಕೆಲಸ ಸಾಗುತ್ತಿದೆ. ಎರಡು ಕಪಾಟು ಖಾಲಿ. ಚೂರು ಮಾಡುವ ಯಂತ್ರ ತಿಂದು ತಿಂದು ಎರಡು ಸಲ ಕೆಟ್ಟಿತು.

ಬೆಳಿಗ್ಗೆ ಬಂದವನು ಮೊದಲು ಹಳೆ ಸರ್ವರಿನ ಪರದೆ ನೋಡುತ್ತೇನೆ, ಮಾತು ಕೊಟ್ಟಿದ್ದೇನಲ್ಲ. ಆ ಮಗು ಸಾಮಾನ್ಯವಾಗಿ ಹತ್ತುವುದು ೭.೪೨ಕ್ಕೆ. ಸೋಮವಾರ ಒಂದೆರಡು ನಿಮಿಷ ತಡ. ಸೋಮವಾರ ಯಾವ ಮಗುವಿಗೂ ಬೇಗ ಎದ್ದು ಗೊತ್ತಿಲ್ಲ.

ಅಕ್ಟೋಬರ್ ೧೬, ಬುಧವಾರ

ನಲವತ್ತು ಸಾವಿರ ಮಕ್ಕಳಲ್ಲಿ ಒಂದರ ಮೇಲೇ ಕಣ್ಣು ಹೋಗುತ್ತದೆ. ಹುಡುಗಿ ಬಸ್ಸಿನಲ್ಲಿ ಕಾರ್ಡನ್ನು ಎರಡೆರಡು ಸಲ ತಾಗಿಸುತ್ತಾಳೆ. ಯಂತ್ರ ಎರಡನೆಯದನ್ನು ತಪ್ಪೆಂದು ಬದಿಗಿಡುತ್ತದೆ. ಬೀಪ್ ಸದ್ದು ಕೇಳಲು ಇರಬೇಕು. ಇವತ್ತು ಮೂರು ಸಲ ತಾಗಿಸಿದ್ದಳು. ಪರದೆಯ ಮುಂದೆ ಒಬ್ಬನೇ ನಕ್ಕೆ. ಗಡುವಯ್ಯ ಗಾಜಿನಾಚೆಯಿಂದ ನೋಡಿ ಹುಬ್ಬೇರಿಸಿದ. ನನ್ನ ಹಲ್ಲು ಅವನು ನೋಡಿದ್ದು ಇದೇ ಮೊದಲಿರಬೇಕು.

ನವೆಂಬರ್ ೪, ಸೋಮವಾರ

ನಿನ್ನೆ ಭಾನುವಾರವೂ ಆಫೀಸಿಗೆ ಹೋಗಿದ್ದೆ. ಬಸ್ಸಿಲ್ಲದ ದಿನ ಪರದೆ ಖಾಲಿ ಇರುತ್ತದೆಂದು ಗೊತ್ತಿದ್ದೂ. ಟೇಪು ಕೋಣೆಯಲ್ಲಿ ಉಳಿದಿರುವುದು ಒಂದೇ ಕಪಾಟು, ನನ್ನ ಹೆಜ್ಜೆಯ ಸದ್ದು ನನಗೇ ತಿರುಗಿ ಬರುತ್ತಿತ್ತು. ಸರ್ವರಿನ ಫ್ಯಾನು ಮಾತ್ರ ಒಂದೇ ಸಮನೆ ಉಸಿರಾಡುತ್ತಿತ್ತು.

ಮುಂದಿನ ವಾರ ಆ ಮಂಗಳವಾರ. ಆ ದಿನದ ಲಾಗು ತೆರೆಯಲಿಲ್ಲ.

ನವೆಂಬರ್ ೧೧, ಸೋಮವಾರ

ಇವತ್ತೇ ಕೊನೆ. ಬೆಳಿಗ್ಗೆ ಆ ತಾಯಿಯ ಫೋನು.

"ನೆನಪಿದೆ ಅಲ್ವಾ ಸಾರ್? ಸಂಜೆ ಇಳಿದ ಮೆಸೇಜು ಬಂದ ಮೇಲೆ ನಿಲ್ಲಿಸ್ಬಿಡಿ. ನಾನು ತಯಾರಾಗಿದೀನಿ. ಇಷ್ಟು ದಿನ ಸಿಕ್ಕಿದ್ದೇ ಹೆಚ್ಚು."

"ಆಯ್ತು ಮೇಡಂ. ಆ ದಾಖಲೆಯನ್ನೇ ಅಳಿಸ್ಬಿಡ್ತೀನಿ."

ಸಂಜೆ ಅವಳು ಇಳಿದಳು. ಮೆಸೇಜು ಹೋಯಿತು. ಆ ತಾಯಿಯ ಸಂಖ್ಯೆ ಅಳಿಸಿದೆ. ಆಮೇಲೆ ದಾಖಲೆ ಅಳಿಸಬೇಕಿತ್ತು, ಒಂದು ಬೆರಳಿನ ಕೆಲಸ. ಜೀವಮಾನವಿಡೀ ಅಳಿಸಿದವನು, ಬೆರಳು ಏಳಲಿಲ್ಲ.

ಖಾಲಿ ಜಾಗದಲ್ಲಿ ನನ್ನ ಸಂಖ್ಯೆ ಹಾಕಿದೆ. ಸಂಖ್ಯೆ ಬದಲಿಸಿದರೆ ಈ ಪ್ರೋಗ್ರಾಮು ವಿಳಾಸವನ್ನೂ ನಿಲ್ದಾಣವನ್ನೂ ಕೇಳುತ್ತದೆ, ಕೊಡದಿದ್ದರೆ ಮುಂದೆ ಬಿಡುವುದಿಲ್ಲ. ನಮ್ಮ ಮನೆಯ ವಿಳಾಸ ಕೊಟ್ಟೆ. ನಿಲ್ದಾಣ ನಮ್ಮ ಬೀದಿಯ ತಿರುವು. ಅಲ್ಲಿ ಯಾವ ಶಾಲೆಯ ಬಸ್ಸೂ ನಿಲ್ಲುವುದಿಲ್ಲ, ಸುಮ್ಮನೆ ಲೆಕ್ಕಕ್ಕೆ.

ನಾಳೆಯ ಲಾಗು ಉಣಿಸುವುದಿಲ್ಲ. ಅದರ ಬದಲು ಸೆಪ್ಟೆಂಬರಿನ ಒಂದು ಮಂಗಳವಾರವನ್ನೇ ತಾರೀಕು ತಿದ್ದಿ ಇಟ್ಟಿದ್ದೇನೆ. ಇದರಿಂದ ಯಾರಿಗೇನು ನಷ್ಟ? ಹೊರೆ ಅಷ್ಟೇ ಇರುತ್ತದೆ, ಗಡುವಯ್ಯನ ಪರೀಕ್ಷೆಯೂ ನಡೆಯುತ್ತದೆ.

ನವೆಂಬರ್ ೧೨, ಮಂಗಳವಾರ

ಹತ್ತಿದಳು.

ನವೆಂಬರ್ ೧೯, ಮಂಗಳವಾರ

ನನ್ನಾಕೆಯ ಕೈಗೆ ಸಿಕ್ಕಿಬಿದ್ದೆ. ನಾನು ಸ್ನಾನದಲ್ಲಿದ್ದಾಗ ಫೋನು ಸದ್ದು ಮಾಡಿದೆ. ಹೊರಗೆ ಬಂದರೆ ಫೋನು ಹಿಡಿದು ನಿಂತಿದ್ದಳು.

"'ನಿಮ್ಮ ಮಗು ಬಸ್ಸು ಹತ್ತಿದೆ.' ಯಾರ ಮಗು ರೀ?"

ನಮಗೆ ಮಕ್ಕಳಿಲ್ಲ. ಆ ಮಾತು ನಮ್ಮ ನಡುವೆ ಮುಗಿದು ಎಷ್ಟೋ ವರ್ಷವಾಯಿತು. ಇವಳು ಬೇರೇನೋ ಅಂದುಕೊಂಡಾಳು ಎಂದು ಗಾಬರಿಯಾಗಿ, ಟವೆಲಿನಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಟೇಪು, ಜ್ವರ, ಆ ತಾಯಿ, ನಾನು ಕೊಟ್ಟ ಮಾತು, ಮುರಿದ ಮಾತು.

ಬೈಯುತ್ತಾಳೆಂದುಕೊಂಡೆ. "ಹುಚ್ಚು ನಿಮಗೆ" ಎಂದಷ್ಟೇ ಹೇಳಿ ಕೆಲಸಕ್ಕೆ ಹೊರಟಳು. ಅವಳು ಕೆಲಸ ಮಾಡುವ ಕನ್ನಡಕದಂಗಡಿಗೆ ಹೋಗುವ ದಾರಿ ಎಡಕ್ಕೆ. ಕಿಟಕಿಯಿಂದ ನೋಡಿದೆ, ಬಲಕ್ಕೆ ತಿರುವಿನ ಕಡೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ವಾಪಸು ಬಂದು ಎಡಕ್ಕೆ ಹೋದಳು.

ಸಂಜೆ ಮನೆಗೆ ಬಂದಾಗ ಕೇಳಿದಳು: "ಇಳಿದ್ಲಾ?"

ನವೆಂಬರ್ ೨೩, ಶನಿವಾರ

ಬಾಗಿಲ ಪಕ್ಕದ ಗೋಡೆಗೆ ಇವಳು ಒಂದು ಕೊಕ್ಕೆ ಹೊಡೆಸಿದ್ದಾಳೆ, ನನ್ನ ಸೊಂಟದ ಎತ್ತರಕ್ಕೆ. ಅಷ್ಟು ಕೆಳಗೆ ಯಾಕೆ ಎಂದೆ. "ಚೀಲ ಹಾಕೋಕೆ" ಅಂದಳು. ಚೆನ್ನಾಗಿಯೇ ಕಾಣುತ್ತದೆ. ಚಿಕ್ಕ ಕೋಣೆಯಲ್ಲಿ ತಾನೇ ತುಂಬಿಟ್ಟಿದ್ದ ಹಳೆ ಪತ್ರಿಕೆಗಳನ್ನೂ ಹೊರಗೆ ಹಾಕಿದ್ದಾಳೆ. ಎಸೆಯುವ ವಿಷಯದಲ್ಲಿ ನಮಗೆ ಜಗಳವಾಗದೆ ಇದ್ದದ್ದು ಇದೇ ಮೊದಲು.

ನವೆಂಬರ್ ೨೬, ಮಂಗಳವಾರ

ಬೆಳಿಗ್ಗೆ ಭಯವಾಯಿತು. ಮೆಸೇಜು ಬರುವ ಹೊತ್ತು ಮೀರಿತು. ಇವಳು ಅಡುಗೆಮನೆಯಿಂದ ಮೂರು ಸಲ ಬಂದು ನನ್ನ ಮುಖ ನೋಡಿ ಹೋದಳು. "ಮೈಗೆ ಹುಷಾರಿಲ್ವೇನೋ" ಅಂದಳು ಸಣ್ಣ ದನಿಯಲ್ಲಿ. ಬಾಯಿ ಮುಚ್ಚು ಎಂದು ರೇಗಿದೆ. ಹಾಗೆ ರೇಗುವವನಲ್ಲ ನಾನು.

೭.೫೧ಕ್ಕೆ ಬಂತು. ಇಬ್ಬರೂ ಕೂತೆವು.

ಆಫೀಸಿನಲ್ಲಿ ಕುತೂಹಲಕ್ಕೆ ಹುಡುಕಿದೆ. ನಾನು ಇವತ್ತಿಗೆ ಹಾಕಿದ್ದ ಲಾಗಿನಲ್ಲಿ ೭.೪೨ ಎಂದಿದೆ. ಆ ವರ್ಷದ ಯಾವ ದಿನದ ಲಾಗಿನಲ್ಲೂ ಅವಳ ಕಾರ್ಡಿಗೆ ೭.೫೧ ಇಲ್ಲ. ಲಾಗಿನಲ್ಲಿ ಇಲ್ಲದ್ದು ಪ್ರತಿಯಲ್ಲಿ ಬರುವುದಿಲ್ಲ. ಹೊಸಬರಿಗೆ ನಾನೇ ಪಾಠ ಹೇಳುವಾಗ ಮೊದಲು ಹೇಳುವುದು ಇದನ್ನು. ಎರಡು ಸಲ ನೋಡಿ ಮುಚ್ಚಿಟ್ಟೆ. ನಮ್ಮ ತಿರುವಿನಲ್ಲಿ ಚರಂಡಿ ಅಗೆದಿದ್ದಾರೆ, ಬೆಳಿಗ್ಗೆ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಅದಕ್ಕೇ ತಡವಾಗಿರಬೇಕು.

ನವೆಂಬರ್ ೨೯, ಶುಕ್ರವಾರ

ಆ ತಾಯಿ ಫೋನ್ ಮಾಡಿದ್ದರು. ಕೃತಜ್ಞತೆ ಹೇಳಲಿಕ್ಕಂತೆ. ಇಳಿದ ಮೆಸೇಜನ್ನೇ ಕೊನೆಯದಾಗಿ ಇಟ್ಟುಕೊಂಡಿದ್ದಾರಂತೆ. ಇನ್ನೇನು ಫೋನ್ ಇಡುತ್ತಾರೆ ಎನ್ನುವಾಗ ತಡೆದರು.

"ಒಂದು ಕೇಳ್ಲಾ ಸಾರ್? ನೀವು ಅಳಿಸಿದ್ರಲ್ಲ, ಅದಾದ ಮೇಲೆ ಮನೆ ಬೇರೆ ಥರ ಆಗಿದೆ. ಮೂರು ವರ್ಷ ಅವಳು ಎಲ್ಲೋ ಪಕ್ಕದ ಕೋಣೇಲೇ ಇದಾಳೆ ಅನ್ನಿಸ್ತಿತ್ತು. ಅದೊಂದು ಆಸರೆ ಇತ್ತು ನಂಗೆ. ಈಗ ಏನೂ ಇಲ್ಲ. ಖಾಲಿ. ಯಾರ ಮನೆಗೋ ಹೋಗ್ಬಿಟ್ಟ ಹಾಗೆ."

ಹೇಳಿಬಿಡಬೇಕೆನಿಸಿತು. ಅವರ ಸಂಖ್ಯೆ ಮತ್ತೆ ಹಾಕುವುದು ಎರಡು ನಿಮಿಷದ ಕೆಲಸ.

"ಸಮಾಧಾನ ಮಾಡ್ಕೊಳಿ ಮೇಡಂ. ದಿನ ಕಳೆದ ಹಾಗೆ ಸರಿಹೋಗುತ್ತೆ" ಅಂದೆ.

ನಾನು ಮಾಡಿದ್ದು ಕಳ್ಳತನ, ಬೇರೆ ಹೆಸರಿಲ್ಲ. ಮನೆಯಲ್ಲಿ ಇವಳಿಗೆ ಹೇಳಿದೆ. "ಆಕೇನೇ ತಾನೇ ಸಾಕು ಅಂದಿದ್ದು?" ಅಂದಳು. ಇಷ್ಟು ವರ್ಷದಲ್ಲಿ ಇವಳ ಬಾಯಲ್ಲಿ ಇಂಥ ಗಟ್ಟಿ ಮಾತು ಕೇಳಿರಲಿಲ್ಲ.

ಡಿಸೆಂಬರ್ ೨, ಸೋಮವಾರ

ಗಡುವಯ್ಯ ಬಂದು ಬೆನ್ನು ತಟ್ಟಿದ. ಡಿಸ್ಕುಗಳು ಹೊರೆ ತಾಳಿವೆ, ಪರೀಕ್ಷೆ ಪಾಸು. ಬುಧವಾರ ಕೋಣೆ ಬಿಟ್ಟುಕೊಡಬೇಕು. ಹಳೆ ಸರ್ವರು ಗುಜರಿಗೆ, ಆ ಟೇಪು ಚೂರು ಮಾಡುವ ಯಂತ್ರಕ್ಕೆ. ಇನ್ನೊಂದು ವಾರ ಓಡಿಸಿ ನೋಡೋಣವೇ ಎಂದೆ. "ಯಾಕ್ರೀ, ಅದಕ್ಕೆ ಮಕ್ಕಳು ಮರಿ ಇದಾವಾ?" ಎಂದು ನಕ್ಕ.

ಟೇಪನ್ನು ಚೀಲದಲ್ಲಿ ಹಾಕಿಕೊಂಡು ಬರೋಣವೆಂದು ಯೋಚಿಸಿದೆ. ಮನೆಯಲ್ಲಿ ಅದನ್ನು ಓದುವ ಯಂತ್ರವೆಲ್ಲಿ? ಇವಳಿಗೆ ಹೇಗೆ ಹೇಳಲಿ?

ಡಿಸೆಂಬರ್ ೪, ಬುಧವಾರ

ಮಧ್ಯಾಹ್ನ ಎರಡಕ್ಕೆ ಸರ್ವರು ಆರಿಸಿದೆ. ಫ್ಯಾನು ನಿಲ್ಲಲು ತುಂಬ ಹೊತ್ತು ತೆಗೆದುಕೊಂಡಿತು. ಸರ್ವರಿನ ಹಳೆ ಡಿಸ್ಕುಗಳನ್ನು ಕಳಚಿ ತೂತು ಕೊರೆಸಿದೆ, ಪರೀಕ್ಷೆಗೆ ಜೋಡಿಸಿದ್ದ ಹೊಸವನ್ನು ಪೂರ್ತಿ ಅಳಿಸಿದೆ. ಟೇಪನ್ನು ನಾನೇ ಯಂತ್ರದ ಬಾಯಿಗೆ ಕೊಟ್ಟೆ, ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಹೊಸ ದೊಡ್ಡ ಟೇಪಿನ ವಾರ್ಷಿಕ ಪ್ರತಿ ಆ ವರ್ಷದ ಕೊನೆಯದು, ಅಷ್ಟರಲ್ಲಿ ಶಾಲೆಯವರು ಹೆಸರು ತೆಗೆದಿದ್ದರಿಂದ ಅದರಲ್ಲಿ ಅವಳಿಲ್ಲ. ಅಲ್ಲಿಗೆ ಅವಳು ಎಲ್ಲೂ ಇಲ್ಲ. ನನ್ನ ಕೆಲಸವನ್ನು ನಾನು ಅಚ್ಚುಕಟ್ಟಾಗಿಯೇ ಮಾಡುತ್ತೇನೆ.

ಗೋಡೆಗೆ ಮುಖ ಮಾಡಿ ಅತ್ತೆ. ಆ ತಾಯಿ ಅಷ್ಟು ಗಟ್ಟಿಯಾಗಿ ಕೂತಿದ್ದು ಹೇಗೋ.

ಮನೆಗೆ ಬರಲು ಧೈರ್ಯ ಸಾಲದೆ ಊರೆಲ್ಲ ಸುತ್ತಿ ಕತ್ತಲಾದ ಮೇಲೆ ಬಂದೆ. ಇವಳಿಗೆ ವಿಷಯ ಹೇಳಿದೆ. ಅವಳು ನನ್ನ ಫೋನು ಎತ್ತಿ ತೋರಿಸಿದಳು. ಬೆಳಿಗ್ಗೆ ಅವಸರದಲ್ಲಿ ಮೇಜಿನ ಮೇಲೇ ಬಿಟ್ಟು ಹೋಗಿದ್ದೆ.

ನಿಮ್ಮ ಮಗು ಬಸ್ಸಿನಿಂದ ಇಳಿದಿದೆ. ಸಂಜೆ ೪.೧೦.

ಎಲ್ಲೋ ಸಾಲಿನಲ್ಲಿ ಸಿಕ್ಕಿಕೊಂಡಿದ್ದ ಮೆಸೇಜು ತಡವಾಗಿ ಹೊರಬಿದ್ದಿರಬೇಕು. ಹಾಗೆ ಆಗುವುದುಂಟು.

ಡಿಸೆಂಬರ್ ೫, ಗುರುವಾರ

ಬೆಳಿಗ್ಗೆ ೭.೪೨ಕ್ಕೆ ಬಂತು.

ಇವಳು ಅಂಗಡಿಗೆ ರಜೆ ಹೇಳಿದಳು, ನಾನೂ ಹೇಳಿದೆ. ಇಡೀ ದಿನ ಮನೆ ಒರೆಸಿದಳು. ನಾನು ಚಿಕ್ಕ ಕೋಣೆಯ ಬಲ್ಬು ಬದಲಿಸಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ, "ಆಕೆಗೆ ಹೇಳ್ಬೇಕಲ್ವಾ?" ಅಂದೆ. "ನಾಳೆ ಹೇಳೋಣ" ಅಂದಳು. ಹೂಂ ಅಂದೆ. ನಾಳೆಯೂ ನಾವು ಹೇಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನಾಲ್ಕಕ್ಕೆ ಮುಂಚೆಯೇ ಇವಳು ತಲೆ ಬಾಚಿಕೊಂಡು ತಿರುವಿನ ಕಡೆ ಹೋದಳು. ನಾನೂ ಬರುತ್ತೇನೆಂದರೆ, "ಮನೇಲಿ ಒಬ್ರು ಇರಿ" ಅಂದಳು. ಇದನ್ನು ಬರೆಯುತ್ತ ಕೂತಿದ್ದೇನೆ. ಈಗಷ್ಟೇ ಇಳಿದ ಮೆಸೇಜು ಬಂತು.

ಕೆಳಗೆ ಗೇಟಿನ ಸದ್ದಾಯಿತು. ಇವಳು ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ, ಏನೋ ಹೇಳುತ್ತ, ನಡುನಡುವೆ ನಿಲ್ಲಿಸಿ ಕೇಳಿಸಿಕೊಳ್ಳುತ್ತ. ಒಬ್ಬಳೇ ಮಾತಾಡಿಕೊಳ್ಳುವ ಅಭ್ಯಾಸ ಅವಳಿಗಿಲ್ಲ. ಹೋಗಿ ಬಾಗಿಲು ತೆಗೆಯಬೇಕು.